ನಾಲ್ಕನೇ ಮಾಳಿಗೆಯ ಕರೆ

ಭಾಂಡುಪ್ ಪೂರ್ವ, ಮಂಗಲಮೂರ್ತಿ ಸೊಸೈಟಿ, ಬಿ ವಿಂಗ್.
ರಾತ್ರಿ ಹನ್ನೊಂದು ನಲವತ್ತಕ್ಕೆ
ಯಾರೂ ಗುಂಡಿ ಒತ್ತದೆ ಲಿಫ್ಟು ತಾನಾಗಿ
ನಾಲ್ಕನೇ ಮಾಳಿಗೆಗೆ ಹೋಗಿ ನಿಲ್ಲುತ್ತದೆ.
ಇಷ್ಟೇ ಇತ್ತು ದೂರಿನ ಚೀಟಿಯಲ್ಲಿ.
ಸೆಕ್ರೆಟರಿಯ ಸಹಿ, ಸಹಿಯ ಪಕ್ಕ ಸಣ್ಣದಾಗಿ:
ಮಕ್ಕಳು ಹೆದರುತ್ತವೆ.

ಹೆದರುವುದಕ್ಕೇನಿದೆ? ಇಪ್ಪತ್ತಾರು ವರ್ಷದಿಂದ
ಈ ಊರಿನ ಬಾವಿಗಳಲ್ಲಿ ಇಳಿದು ಹತ್ತಿದವನು ನಾನು,
ನೀರಿಲ್ಲದ, ಗೋಡೆಗೆಲ್ಲ ಗ್ರೀಸು ಬಳಿದ ಬಾವಿಗಳು.
ದೆವ್ವ ಎಂದರೆ ನನ್ನ ಲೆಕ್ಕದಲ್ಲಿ
ತೇವ, ಇಲ್ಲಾ ಇಲಿ.

ಟಾರ್ಚು ಹಿಡಿದು ಮೆಟ್ಟಿಲ ಮೇಲೆ ಕೂತೆ.
ಹೊತ್ತಾಯಿತು. ಕೆಳಗೆ ನೀರಿನ ಪಂಪು ಗುಮ್ಮೆಂದಿತು,
ಕೂಡಲೇ ಜಾಲರಿಯ ಹಿಂದೆ ಹಗ್ಗ ಅಲುಗಿತು.
ಒಂದು ಹಳದಿ ದೀಪ ಹೊತ್ತುಕೊಂಡು
ಖಾಲಿ ಪೆಟ್ಟಿಗೆ ಮೇಲೆ ಬಂತು.
ಬಂದು ನಿಂತಿತು.

ಆಗ ಎದುರು ಮನೆಯ ಚಿಲಕ ಸರಿಯಿತು.
ಸುಲಭಾಬಾಯಿ ಪೆಡಣೇಕರ್, ಎಪ್ಪತ್ತು ದಾಟಿದ ಹೆಂಗಸು,
ಸೆರಗು ಸರಿಮಾಡಿಕೊಂಡು ಜಾಲರಿ ಬಾಗಿಲು ಎಳೆದು
ಒಬ್ಬ ಮನುಷ್ಯ ಹೊರಗೆ ಬರುವಷ್ಟು ಹೊತ್ತು ಕಾದು
ಮತ್ತೆ ಮುಚ್ಚಿದಳು.
ನನ್ನನ್ನು ಕಂಡು ನಾಚಿದಳು. ನಾಚಿ, ಚಹಾ ಕೊಟ್ಟಳು.

ಗಂಡನದು ಪೇಂಟು ಕಾರ್ಖಾನೆ, ಸೆಕೆಂಡ್ ಶಿಫ್ಟು.
ಮೂವತ್ತು ವರ್ಷ ಇದೇ ಹೊತ್ತಿಗೆ ಬರುತ್ತಿದ್ದನಂತೆ,
ಉಗುರಿನ ಸಂದಿಯಲ್ಲಿ ದಿನಕ್ಕೊಂದು ಬಣ್ಣ.
"ಹತ್ತನೇ ದಿನ ಕಾಗೆ ಕೂಡ ಬೇಗ ಮುಟ್ಟಿತು,"
ಅವಳ ಮರಾಠಿ ನಿಧಾನ, ನನಗೋಸ್ಕರ,
"ಅವರು ಹಾಗೇ, ಯಾರನ್ನೂ ಕಾಯಿಸಿದವರಲ್ಲ.
ಆಮೇಲೆ ಏನೂ ಇರಲಿಲ್ಲ. ಕನಸೂ ಇಲ್ಲ.
ಇದೊಂದು ಇದೆ. ಬಿಡು ಬಾಬಾ, ಹೀಗೇ ಇರಲಿ."

ಇರಲಿ ಎನ್ನಲು ಲಿಫ್ಟು ನನ್ನದಲ್ಲ.
ಬೆಳಗ್ಗೆ ಪೈಪು ಬಿಚ್ಚಿದೆ.
ಪಂಪಿನ ತಂತಿ, ನಾಲ್ಕನೇ ಮಾಳಿಗೆಯ ಕರೆಗುಂಡಿಯ ತಂತಿ
ಮೈಗೆ ಮೈ ತಾಗಿಸಿ ಮಲಗಿದ್ದವು ಒಳಗೆ.
ಇಲಿ ಕಡಿದು ಎರಡರ ಸಿಪ್ಪೆಯೂ ಸುಲಿದು
ಒಂದರದ್ದು ಇನ್ನೊಂದಕ್ಕೆ ಹರಿಯುತ್ತಿತ್ತು.
ಬೇರೆ ಮಾಡಿದೆ. ಟೇಪು ಸುತ್ತಿದೆ.
ರಿಜಿಸ್ಟರಿನಲ್ಲಿ ಬರೆದೆ: ದೋಷ ನಿವಾರಣೆಯಾಗಿದೆ.
ಅವಳ ಬಾಗಿಲು ದಾಟುವಾಗ
ಚಪ್ಪಲಿ ಕೈಯಲ್ಲಿ ಹಿಡಿದಿದ್ದೆ.

ಮುಂದಿನ ತಿಂಗಳ ಸರ್ವೀಸು. ಬಯ್ಯುತ್ತಾಳೆ ಅಂದುಕೊಂಡೆ.
ಹೊಸ್ತಿಲಲ್ಲಿ ಕೂತು ಮೆಂತೆ ಸೊಪ್ಪು ಬಿಡಿಸುತ್ತಿದ್ದಳು.
"ಈಗ ಮೆಟ್ಟಿಲು ಹತ್ತಿ ಬರ್ತಾರೆ," ಅಂದಳು
ಸೊಸೈಟಿಗೆ ದೂರು ಕೊಡುವ ದನಿಯಲ್ಲೇ.
"ಹನ್ನೆರಡಾಗ್ತದೆ. ಮೊಣಕಾಲು ನೋವು ಬೇರೆ.
ಮೂರನೇ ಮಾಳಿಗೆಯಲ್ಲಿ ಸ್ವಲ್ಪ ನಿಲ್ತಾರೆ."

ನನಗೆ ನಗು ಬರಬೇಕಿತ್ತು.

ಈ ಕೆಲಸ ಕಲಿಸಿದ್ದು ನನ್ನಣ್ಣ ತೇಜಪ್ಪ.
ಗುಂಡಿಗೆ ಇಳಿಯುವ ಮೊದಲು
ಸ್ಪ್ಯಾನರಿನಿಂದ ಹಳಿಗೆ ಎರಡೇಟು.
ಮೇಲಿದ್ದವನು ತಿರುಗಿ ಒಂದೇಟು ಕೊಟ್ಟರೆ ಇಳಿ,
ಕೊಡದಿದ್ದರೆ ಬೀಡಿ ಹಚ್ಚು, ಅನ್ನುತ್ತಿದ್ದ.
ಲಾಲ್‌ಬಾಗಿನ ಆ ಹಳೇ ಕಟ್ಟಡದಲ್ಲಿ
ಮೇಲಿದ್ದವನು ನಾನು.
ಒಂದೇಟು ಕೊಟ್ಟವನು ನಾನು.

ಈಗ ಮೇಲೆ ಯಾರೂ ಇರುವುದಿಲ್ಲ.
ಮೊಬೈಲಿದೆ, ಕೆಂಪು ಸ್ವಿಚ್ಚಿದೆ, ಕಂಪನಿಯ ನಿಯಮಗಳಿವೆ.
ಆದರೂ ಎರಡೇಟು ಹಾಕುತ್ತೇನೆ,
ಹಾಕಿ, ಸ್ಪ್ಯಾನರು ಒರೆಸುವ ನೆಪದಲ್ಲಿ ನಿಲ್ಲುತ್ತೇನೆ.
ಹೆಂಡತಿಗೂ ಹೇಳಿಲ್ಲ ಇದನ್ನು.

ಅವತ್ತೂ ಬಿ ವಿಂಗಿನ ಗುಂಡಿಯ ಬಾಯಲ್ಲಿ ಹಾಕಿದೆ.
ನಿಂತೆ.
ಏಳು ಮಾಳಿಗೆಗಳ ಆಚೆ, ತಾರಸಿಯ ಹತ್ತಿರವೆಲ್ಲೋ
ಟಕ್ ಅಂದಿತು.
ಬಿಸಿಲಿಗೆ ಕಬ್ಬಿಣ ಹಾಗೆ ಅನ್ನುತ್ತದೆ,
ಗೊತ್ತು.

ಇಳಿದೆ.