ಚುಕ್ಕಿಗೆರೆ

ಲಸಿಕೆಯ ಫ್ರಿಜ್ಜಿನಿಂದ ಒಂದೇ ಒಂದು ಮಂಜಿನ ತುಂಡು ತೆಗೆದು
ಕೈಗವುಸಿನ ಬೆರಳಿಗೆ ತುಂಬಿ, ಗಂಟು ಹಾಕಿ
ನಿನ್ನ ಎಡಗಣ್ಣಿನ ಮೇಲಿಟ್ಟೆ, ಎಂಬಾರ್ಕಾ.
ಎರಡು ನಿಮಿಷ. ಕದಲಬೇಡ.
ಹೊರಗೆ ಡೇರೆಯ ಗೂಟ ಮುಟ್ಟಿದರೆ ಬೊಬ್ಬೆ ಏಳುವ ಹೊತ್ತು.

ನೀನು ಹೇಳಿದ್ದು ಇಷ್ಟು:
ಬೆಳಿಗ್ಗೆ ಸೂಜಿಗೆ ದಾರ ಪೋಣಿಸುತ್ತೇನೆ,
ಮಧ್ಯಾಹ್ನ ಒಂದು ಮೇಕೆ ಎರಡಾಗುತ್ತದೆ
(ಹಾಲು ಮಾತ್ರ ಒಂದರದ್ದೇ),
ಸಂಜೆಗೆ ರೆಪ್ಪೆ ತಾನಾಗಿ ಇಳಿಯುತ್ತದೆ.
ಐವತ್ತರವರೆಗೆ ಎಣಿಸು ಅಂದೆ.
ಮೂವತ್ತೊಂದಕ್ಕೆ ದನಿ ಮೂಗಿಗೆ ಸರಿಯಿತು,
ಮೂವತ್ತೆಂಟು ತುಟಿಯಲ್ಲೇ ಉಳಿಯಿತು.

ಹೊಟ್ಟೆಯ ಕತೆ ಹಳೆಯದು.
ನಿನ್ನಜ್ಜಿ ಒಂಟೆಹಾಲು ಕುಡಿದು ಮೋಡದ ಹಿಂದೆ ನಡೆದವಳು,
ನಾವು ಟ್ರಕ್ಕಿನ ಹಿಂದೆ ಸಾಲು ನಿಂತವರು.
ಗೋಧಿಹಿಟ್ಟು ಕೊಟ್ಟ ದೇಶದ ಹೆಸರು
ನಿನ್ನ ತಲೆದಿಂಬಿನ ಮೇಲೆ ಇನ್ನೂ ಓದಬಹುದು.
ರೊಟ್ಟಿ ಬಿಡು ಎಂದು ನಾನು ಹೇಳಿ ಏಳು ವರ್ಷ.
ಅಕ್ಕಿ ಬಂದ ತಿಂಗಳು ಬಿಟ್ಟೆ.
ಬಾರದ ತಿಂಗಳು ಮಕ್ಕಳ ಜೊತೆ ಮುರಿದು ತಿಂದೆ,
ನನ್ನಿಂದ ಮುಚ್ಚಿಟ್ಟೆ.
ನಾನೂ ಕೇಳಲಿಲ್ಲ. ಕೇಳಿ ಏನು ಬಡಿಸಲಿ?

ಈಗ ನೀನೇ ಕೇಳುತ್ತೀಯ:
ಹೊಟ್ಟೆಯ ಜಗಳ ಕಣ್ಣಿಗೆ ಹತ್ತಿತೇ, ಲೆಹ್ಬೀಬ್?

ಹವಾನಾದಲ್ಲಿ ನಮ್ಮ ಮೇಷ್ಟರು
ಹಲಗೆಯ ಮೇಲೆ ಎರಡು ವೃತ್ತ ಬರೆದು
ಒಂದರಲ್ಲಿ ಕರುಳು, ಇನ್ನೊಂದರಲ್ಲಿ
ನರ ಸ್ನಾಯುವಿನ ಕಿವಿಯಲ್ಲಿ ಪಿಸುಗುಡುವ ಜಾಗ,
ನಡುವೆ ಗೆರೆ ಎಳೆದರು. ಚುಕ್ಕಿಗೆರೆ.
ಯಾಕೆ ಎಂದು ಕೇಳಿದ್ದಕ್ಕೆ
ಸೀಮೆಸುಣ್ಣ ಒರೆಸಿಕೊಳ್ಳುತ್ತ ಅಂದರು: ಇರಬಹುದು.

ಅಷ್ಟೇ ನನ್ನ ಹತ್ತಿರ ಇರುವುದು.
ಮೈಯ ಕಾವಲುಗಾರ ಒಮ್ಮೆ
ಗೋಧಿಯ ಕಣವನ್ನು ಹಗೆಯೆಂದು ಬಗೆದು
ಕರುಳಿನ ಗರಿಕೆಯನ್ನೆಲ್ಲ ಸುಟ್ಟವನು,
ಬಂದೂಕು ಕೆಳಗಿಡುವುದನ್ನೇ ಮರೆತು
ಅಲೆಯುತ್ತ ಹೋಗಿ ಆ ಸಣ್ಣ ಸಂದಿಯಲ್ಲಿ
ಮನೆಯವರ ಬಾಗಿಲಿಗೇ ಮೊಳೆ ಹೊಡೆದನೋ,
ಅಥವಾ ಇವನು ಬೇರೆಯವನೋ,
ಅವನ ದಾಯಾದಿಯೋ.
ಇಬ್ಬರದೂ ಒಂದೇ ಊರು, ನಿನ್ನ ಮೈ.
ಒಂದು ಮನೆಯಲ್ಲಿ ಇಬ್ಬರನ್ನೂ ಕಂಡವರಿದ್ದಾರೆ,
ಒಬ್ಬನೇ ಇದ್ದ ಮನೆಗಳು ಅದಕ್ಕಿಂತ ಹೆಚ್ಚು.
ರೊಟ್ಟಿ ಬಿಟ್ಟ ಮೇಲೆ ರೆಪ್ಪೆ ಎದ್ದ ಕತೆ ಒಂದೆರಡು ಓದಿದ್ದೇನೆ,
ಏಳದೇ ಹೋದದ್ದನ್ನು ಯಾರು ಬರೆಯುತ್ತಾರೆ?

ನಮ್ಮ ನಾಡಿನ ಗಡಿಯನ್ನೂ
ಭೂಪಟಗಳಲ್ಲಿ ಹಾಗೇ ಬರೆಯುತ್ತಾರೆ, ಎಂಬಾರ್ಕಾ.
ನಾವು ಅದರೊಳಗೇ ಹುಟ್ಟಿದ್ದೇವೆ,
ಮದುವೆ ಆಗಿದ್ದೇವೆ.

ಸಾಕು, ತೆಗೆಯುತ್ತೇನೆ.

ರೆಪ್ಪೆ ಎದ್ದಿತು.
ಪೂರ್ತಿ ಅಲ್ಲ, ಪಾಪೆ ಕಾಣುವಷ್ಟು.
ಅಲ್ಜಿಯರ್ಸಿಗೆ ಚೀಟಿ ಬರೆಯಬೇಕು, ಮಾತ್ರೆಗೆ.
ಅಕ್ಕಿಗೆ ಬೇರೆ ಚೀಟಿ. ಅದು ಬೇರೆ ಕಚೇರಿ.

ನಿನ್ನ ಗಡ್ಡ ಯಾವಾಗ ಬೆಳ್ಳಗಾಯಿತು? ಅಂದೆ ನೀನು.
ಇದು ಎಷ್ಟು ಹೊತ್ತು ಇರುತ್ತದೆ?

ಒಂದು ಲೋಟ ಚಹಾ ಕುದಿಯುವಷ್ಟು.

ಹಾಗಾದರೆ ಮಾತಾಡಿಸಬೇಡ, ಅಂದೆ.
ಬಾಗಿಲ ಬಟ್ಟೆ ಸರಿಸಿದೆ.
ಗಂಟು ಬಿಚ್ಚಿ ಕೈಗವುಸಿನ ನೀರನ್ನು
ಮಗುವಿನ ಬಾಯಿಗೆ ಹಿಂಡಿದೆ.