ಹಗರೆಯವರೆಗೆ

ಬೆಳಗ್ಗೆ ಐದೂ ಮುಕ್ಕಾಲು, ಹಾಸನದ ಬಸ್ ಸ್ಟ್ಯಾಂಡು.
ಟಿಕೆಟ್ ಮಿಷನ್ನಿನ ನೆತ್ತಿಗೆ
ಕೆಂಪು ಬೊಟ್ಟೊಂದು ಅಂಟಿಸಿಕೊಂಡಿದ್ದೇನೆ,
ಕಡಲೆಬೇಳೆಯಷ್ಟು.

ಮುಂದಿನ ಸೀಟಿನ ಅಜ್ಜಿ ಕಣ್ಣು ಕಿರಿದು ಮಾಡಿ,
'ಮಿಷನ್ನಿಗೂ ಕುಂಕುಮ ಇಕ್ಕಿದೀಯಲ್ಲವ್ವ,
ಇದರ ಗಂಡ ಯಾವೂರೋನು?'
ನಗಬೇಕು ನಾನು. ಬಾಯಿ ಎರಡು ಬೆರಳಗಲ ತೆರೆದು
ಅಲ್ಲಿಗೇ ನಿಲ್ಲುತ್ತದೆ.
ಕಿವಿಯ ಮುಂದೆ ಕಟಕ್ಕೆಂದು
ಯಾರೋ ಒಳಗಿನಿಂದ ಚಿಲಕ ಹಾಕಿಕೊಂಡ ಸದ್ದು.

ಬೊಟ್ಟು ಕಂಡಾಗೆಲ್ಲ ಹಲ್ಲು ಸಡಿಲ ಬಿಡಬೇಕು.
ಅಷ್ಟೇ ಈಗ ಔಷಧಿ.
ಡಾಕ್ಟರ್ ತಬಸ್ಸುಮ್ ಹೇಳಿಕೊಟ್ಟಿದ್ದು:
ತುಟಿ ಸೇರಿರಲಿ, ಹಲ್ಲು ಸೇರೋದು ಬೇಡ,
'ನ' ಅನ್ನಿ ಇಂದ್ರಾಣಿಯವರೆ,
ಅಂದು, ನಾಲಿಗೆಯನ್ನು ಅಲ್ಲೇ ಬಿಟ್ಟುಬಿಡಿ.
ನಲವತ್ತಾರು ವರ್ಷದವಳು
ಒಂದನೇ ಕ್ಲಾಸಿನ ಮಗುವಿನ ಹಾಗೆ
ಬಾಯೊಳಗೇ ತಿದ್ದುತ್ತೇನೆ
ನ. ನ. ನ.

ಗುಳಿಗೆಯ ಕಾಲ ಮುಗಿಯಿತು.
ಮೊದಮೊದಲು ಊಟಕ್ಕೊಂದು, ಆಮೇಲೆ ಟ್ರಿಪ್ಪಿಗೊಂದು,
ಮೂರನೇ ವರ್ಷ ಡಿಪೋದ ಹಿಂದಿನ ನಲ್ಲಿಕಟ್ಟೆಯಲ್ಲಿ
ರಕ್ತ ಕಾರಿದೆ. ಕಾಫಿಪುಡಿಯ ಬಣ್ಣ.
ಅದಕ್ಕೂ ಮುಂಚೆ ಒಂದು ದವಡೆಹಲ್ಲು ಕೀಳಿಸಿದ್ದೆ,
ಪಾಪ, ಅದರದೇನೂ ತಪ್ಪಿರಲಿಲ್ಲ.
ಹಲ್ಲು ಇಳಿದುಹೋಯಿತು,
ನೋವು ಆ ಸೀಟಿಗೆ ಟವೆಲ್ ಹಾಕಿ ಕೂತಿತು.

ಲವಂಗ ಅಂದರು. ಸೀಬೆ ಚಿಗುರು ಅಂದರು.
ಡ್ರೈವರ್ ರುದ್ರೇಗೌಡರು ತೊಟ್ಟು ಎಕ್ಕದ ಹಾಲು ಅಂದರು,
ಒಸಡು ಸುಟ್ಟುಕೊಂಡಿದ್ದೇ ಬಂತು,
ಎಂಟು ದಿನ ಅವರ ಜೊತೆ ಮಾತಿಲ್ಲ.
ಉಳಿದದ್ದು ಇದು: ಹಳೇ ಖಾಕಿಯ ತುಂಡಿನಲ್ಲಿ
ಎರಡು ಹಿಡಿ ರಾಗಿ ಕಟ್ಟಿ, ಕಾವಲಿಯ ಮೇಲೆ ಕಾಯಿಸಿ,
ಕೆನ್ನೆಗೊತ್ತಿಕೊಂಡು ಗೋಡೆಯ ಕಡೆ ಮಲಗುವುದು.
ದಿಂಬೆಲ್ಲ ಹುರಿಹಿಟ್ಟಿನ ವಾಸನೆ.
ಮತ್ತೆ ಮುದ್ದೆ.
ಮುದ್ದೆಯನ್ನು ಅಗಿಯಬಾರದೆಂದು ಮೊದಲು ಹೇಳಿದವಳಿಗೆ
ಖಂಡಿತ ನನ್ನದೇ ದವಡೆ ಇದ್ದಿರಬೇಕು.

ಸೀಟಿ ಕಚ್ಚುವುದೂ ಬಿಟ್ಟೆ. ಈಗ ಅಂಗೈಯಲ್ಲಿ
ತಗಡಿಗೆ ಎರಡೇಟು, ರೈಟ್.

ಬೊಟ್ಟು ಚಾಡಿಕೋರ.
ಯಾವಾಗ ಕಚ್ಚುತ್ತೇನೆಂದು ಒಂದೊಂದೇ ತೋರಿಸಿತು.
ಇನ್ನೂರರ ನೋಟು ಚಾಚಿ ಹತ್ತು ರೂಪಾಯಿ ಟಿಕೆಟ್ ಕೇಳಿದಾಗ,
ಸರಿ.
ಸಂಜೆ ಲೆಕ್ಕಕ್ಕೆ ಅರವತ್ತು ಕಡಿಮೆ ಬಂದಾಗ,
ಸರಿ.
ಫುಟ್‌ಬೋರ್ಡಿನ ಹುಡುಗ 'ಅಕ್ಕ' ಅನ್ನದೆ
ಬೇರೇನೋ ಅಂದಾಗಲೂ ಸರಿಯೇ.
ಆದರೆ ಮೊನ್ನೆ, ಖಾಲಿ ಬಸ್ಸು, ಸೊನ್ನೆ ಟಿಕೆಟಿನ ನಾಲ್ಕು ಹೆಂಗಸರು,
ಕೆರೆಯ ಮೇಲೆ ಮಂಜು ಎದ್ದು ಬಿಸಿಲಿಗೆ ದಾರಿ ಬಿಡುತ್ತಿದ್ದ ಹೊತ್ತು,
ಯಾರೂ ಏನೂ ಕೇಳದ ಹೊತ್ತು,
ಬೊಟ್ಟು ನೋಡಿದೆ: ಕಚ್ಚಿಕೊಂಡೇ ಇದ್ದೆ.

ಹಲ್ಲು ಕಚ್ಚಿಕೊಂಡಿರು ಮಗಳೆ,
ಅಂದಿದ್ದಳು ಅವ್ವ, ಮದುವೆಯ ಮಾರನೇ ದಿನ.
ಅವರು ಹೋದಾಗ ಹನ್ನೊಂದನೇ ದಿನಕ್ಕೂ
ಅದನ್ನೇ ಅಂದರು ಊರವರು,
ಬ್ಯಾಡ್ಜು ಚುಚ್ಚಿಕೊಂಡ ದಿನ ಸಾಹೇಬರೂ.
ಎಲ್ಲರೂ ಒಳ್ಳೇದಕ್ಕೇ ಅಂದರು.
ಎಲ್ಲಿಯವರೆಗೆ ಅಂತ ನಾನೂ ಕೇಳಲಿಲ್ಲ,
ಕೇಳಬೇಕಾದರೆ ಬಾಯಿ ಬಿಡಬೇಕಿತ್ತಲ್ಲ.

'ಇಳೀತೀನಿ ತಡಿಯವ್ವ,' ಅಜ್ಜಿ ಎದ್ದಳು.
ಬೊಟ್ಟಿನ ಕತೆ ಪೂರಾ ಕೇಳಿಸಿಕೊಂಡಿದ್ದಳು.
'ಅಂಗಾದ್ರೆ ನನ್ನ ಮಂಡಿಗೂ ಒಂದು ಅಂಟಿಸು.'
ಹಾಳೆಯಿಂದ ಒಂದು ಕಿತ್ತು ಕೊಟ್ಟೆ.
ಹಣೆಗೇ ಇಟ್ಟುಕೊಂಡು ಇಳಿದಳು,
ಎಷ್ಟು ವರ್ಷದ ಮೇಲೋ.

ನಿನ್ನೆ ಸ್ಟ್ಯಾಂಡಿನಲ್ಲೇ ಹತ್ತಿತ್ತು ನೋವು.
ಇವತ್ತು ಹಗರೆಯವರೆಗೆ ಸುಳಿವಿರಲಿಲ್ಲ,
ಇಲ್ಲಿ, ಅಜ್ಜಿ ಇಳಿದ ಬಾಗಿಲಲ್ಲೇ,
ಕೈ ಅಡ್ಡ ಹಾಕಿದೆ.
ಹತ್ತಲಿ.
ಬೇಲೂರಿನವರೆಗೆ ನಿಂತೇ ಬರಲಿ.
ನ, ಅನ್ನುತ್ತೇನೆ,
ತಗಡಿಗೆ ಎರಡೇಟು.