ಟಾಕ್ ಅಂದರೆ

ಕೋಡಿಬಾಗದಲ್ಲಿ ಗುನಗಿ ಟೇಲರನ ಅಂಗಡಿ.
ಕೆಳಗೆ ಹೊಲಿಗೆಯಂತ್ರ, ಮಾಳಿಗೆಯಲ್ಲಿ ನನ್ನ ಸ್ಪೋಕನ್ ಇಂಗ್ಲಿಷು.
ಅಂದು ಬೋರ್ಡಿನ ಮೇಲೆ ಒಂದೇ ಶಬ್ದ ಬರೆದೆ:
ಟಾಕ್.
ಎಲ್ಲರಿಗೂ ಗೊತ್ತಿರುವುದೇ, ಬೇಗ ಮುಗಿದೀತು,
ಏಳೂವರೆಯ ಅಂಕೋಲಾ ಬಸ್ಸು ಸಿಕ್ಕೀತು ಅಂದುಕೊಂಡಿದ್ದೆ.

ಮೊದಲು ಕೈ ಎತ್ತಿದವ ಪುರ್ಸೊ ತಾಂಡೇಲ.
'ಎಸೆ' ಅಂದ.
ಬಲೆ ಬಿಡುವ ಹೊತ್ತಿಗೆ ರತ್ನಾಗಿರಿಯ ಖಲಾಸಿಗಳು
ಕೂಗುತ್ತಾರಂತೆ, ಟಾಕ್! ಟಾಕ್!
ಆಮೇಲೆ ಯಾರೂ ಮಾತಾಡುವುದಿಲ್ಲವಂತೆ,
ಹಗ್ಗ ಓಡುವ ಸದ್ದೊಂದೇ.

ಕೆಳಗೆ ಯಂತ್ರ ನಿಂತಿತು.
'ಟಾಕಾ ಅಂದ್ರೆ ಹೊಲಿಗೆ ಬಾಯಿ,
ಹರಿದಲ್ಲಿ ಎರಡು ಹಾಕಿದ್ರೆ ಸಾಕು'
ಗುನಗಿಯ ದನಿ ಏಣಿ ಹತ್ತಿ ಬಂತು.
ನನಗೋ, ಅಪ್ಪ ಶಾಯಿಯಲ್ಲಿ ಅದ್ದುತ್ತಿದ್ದ ಟಾಕು ನೆನಪಾಯಿತು.
ಊರಿನವರ ಅರ್ಜಿಯನ್ನೆಲ್ಲ ಬರೆದುಕೊಟ್ಟ,
ಮನೆಯಲ್ಲಿ ದಿನಕ್ಕೆ ನಾಲ್ಕು ಮಾತು ಆಡಿದವನಲ್ಲ.
ತಪ್ಪು ಎಂದು ಗೀಟೆಳೆಯಲು ಕೈ ಬರಲಿಲ್ಲ.

ಸರಿ, ಸ್ಮಾಲ್ ಟಾಕ್ ಅಂದರೆ?
'ಸಣ್ಣ ಮಾತು' ಅಂದಳು ಪಾವ್ಲಿನ್.
'ಸಣ್ಣ ಮಾತು ಆಡಬಾರದು ಅಂತ ಅಮ್ಮ ಹೇಳಿದಾಳೆ.'
ಅದಲ್ಲ ಮಾರಾಯ್ತಿ,
ಸೆಕೆ, ಗಾಳಿ, ಊಟ ಆಯ್ತಾ, ಅಂಥದ್ದು ಅಂದೆ.
ಪುರ್ಸೊ ಮುಖ ಗಂಟಿಕ್ಕಿದ.
'ನಾಳೆ ಗಾಳಿ ಹ್ಯಾಂಗೆ ಅನ್ನೋದು ಸಣ್ಣ ಮಾತಾ?'

ಟಾಕ್ ಬ್ಯಾಕ್, ಎದುರು ಮಾತು.
ಅವರು ಬೆನ್ನಿಗೆ ಹೇಳುವುದನ್ನು ನಾವು ಮುಖಕ್ಕೆ ಹೇಳುತ್ತೇವೆ,
ಬೆನ್ನಿಗೆ ಹೇಳುವುದು ನಮ್ಮಲ್ಲಿ ಬೇರೆಯೇ ಇದೆ.
ಎಲ್ಲರೂ ನಕ್ಕರು. ಹಿಂದಿನ ಬೆಂಚು ನಗಲಿಲ್ಲ.

ಹಿಂದಿನ ಬೆಂಚಿನಲ್ಲಿ ಶೆವಂತಿ ಹರಿಕಂತ್ರ,
ಖಾಲಿ ಬುಟ್ಟಿ ಗುನಗಿಯ ಬಾಗಿಲಲ್ಲಿ ಕವುಚಿ ಬಂದವಳು.
ನೇವಿ ಕ್ವಾರ್ಟರ್ಸಿನ ಹೆಂಗಸರಿಗೆ
ನೊಗಲಿ ಬೇರೆ, ಬಾಂಗಡೆ ಬೇರೆ ಅಂತ ತಿಳಿಸಿ ಹೇಳಲು
ತಿಂಗಳಿಗೆ ಮುನ್ನೂರು ಕೊಟ್ಟು ಕಲಿಯುತ್ತಾಳೆ.
ತಡೆದು ತಡೆದು ಕೇಳಿದಳು:
'ಮಾತು ಬಿಡೋದಕ್ಕೆ ಏನಂತಾರೆ?'

ನಾಟ್ ಆನ್ ಟಾಕಿಂಗ್ ಟರ್ಮ್ಸ್, ಬರೆದೆ.
ಅಷ್ಟುದ್ದ ನೋಡಿ ಅವಳು ಪೆನ್ನನ್ನೇ ಮುಚ್ಚಿದಳು.
'ಬಲೆ ಬಿಟ್ರೆ ಎಳೀಲೇಬೇಕು, ಅನ್ನ ಅಲ್ವಾ ಅದು.
ಮಾತು ಬಿಟ್ರೆ ಯಾರು ಎಳೀಬೇಕು?'

ಯಾರ ಕಥೆ ಎಂದು ಪೇಟೆಗೆಲ್ಲ ಗೊತ್ತು.
ಒಂಬತ್ತು ವರ್ಷದಿಂದ ನಾದಿನಿ ಮಂಕಾಳಿ
ಮೀನು ಮಾರ್ಕೆಟ್ಟಿನಲ್ಲಿ ಅವಳ ಮೊಣಕೈ ತಾಗುವಷ್ಟು ಹತ್ತಿರ.
ಒಂದೇ ನಲ್ಲಿ, ಒಂದೇ ಬರ್ಫದ ಪೆಟ್ಟಿಗೆ.
'ಐವತ್ತಕ್ಕೆ ಚಿಲ್ಲರೆ ಉಂಟಾ ಕೇಳ್ರಿ ಅವಳಿಗೆ'
'ಇಲ್ಲ ಅನ್ರಿ'
ನಡುವೆ ನಿಂತ ಗಿರಾಕಿಯೇ ಅವರ ನಾಲಗೆ.

'ಮತ್ತೆ, ಮಾತಾಡಿಸೋದು? ಅದಕ್ಕೆ ಏನು?'

ಟಾಕ್ ಟು ಎಂದು ಬರೆದೆ, ಅಳಿಸಿದೆ.
ಮೇಕ್ ಟಾಕ್, ಅದು ಪೊಲೀಸರದು.
ಗ್ರೀಟ್, ಅದು ಬಾಗಿಲಲ್ಲೇ ಮುಗಿಯುತ್ತದೆ.
ಜ್ವರ ಬಂದವರನ್ನು, ಹೆತ್ತವಳನ್ನು,
ದಾರಿಯಲ್ಲಿ ಸುಮ್ಮನೆ ನಿಂತವರನ್ನು
ಹೋಗಿ ಮಾತಾಡಿಸಿಕೊಂಡು ಬರುವ ಆ ಶಬ್ದ
ಹುಡುಕುತ್ತ ಸೀಮೆಸುಣ್ಣ ಬೆರಳಷ್ಟಾಯಿತು, ಉಗುರಷ್ಟಾಯಿತು.
ಬಸ್ಸು ಹೋದ ಸದ್ದು ಕೇಳಿಸಿತು.
'ಇಲ್ಲ' ಅಂದೆ.
'ಅದಕ್ಕೇ ಅವರಿಗೆ ಸುಲಭ' ಅಂದಳು ಶೆವಂತಿ.

ಮರುದಿನ ಮಾರ್ಕೆಟ್ಟಿನಲ್ಲಿ ಹತ್ತು ಗಂಟೆಯ ಬೆವರು.
ನಾನು ನೊಗಲಿಯ ಕಿವಿರು ಎತ್ತಿ ನೋಡುತ್ತಿದ್ದೆ.
ಶೆವಂತಿ ಕತ್ತಿ ಕೆಳಗಿಟ್ಟಳು,
ನನ್ನ ಕಡೆ ನೋಡಲಿಲ್ಲ,
ಎಡಕ್ಕೆ ಪೂರ್ತಿ ತಿರುಗಿ
ಪಾಠ ಒಪ್ಪಿಸಿದಂತೆ ಜೋರಾಗಿ ಅಂದಳು:
'ವೆರಿ ಹಾಟ್ ಟುಡೇ.'

ಮಂಕಾಳಿಯ ಕೈಯ ತಾರ್ಲೆ ಜಾರಿತು.
ಒಂದು ಗಳಿಗೆ ಬಿಟ್ಟು ನನ್ನತ್ತ ಗದ್ದ ಎತ್ತಿ,
'ಏನಂತೆ ಇವಳದು?'

ಆರು ವರ್ಷ ಇದನ್ನೇ ಕಲಿಸಿ ಉಂಡವಳು ನಾನು.
'ನನಗೆ ತಿಳೀಲಿಲ್ಲ ಕಣೇ' ಅಂದೆ,
'ಅವಳನ್ನೇ ಕೇಳು.'
ಚೀಲದ ಬಾಯಿ ಬಿಚ್ಚಿ ಹಿಡಿದುಕೊಂಡು
ಅಲ್ಲೇ ನಿಂತೆ,
ರೇಟು ಕೇಳುವುದನ್ನೂ ಮರೆತು.